ಕೋಡಿ ಬೀಳುವ ಬ್ಯಾಟರಿ

ಹೈಬ್ರಿಡ್ ಕಾರಿಗೆ ಪ್ಲಗ್ ಇಲ್ಲ. ಮನೆಯಲ್ಲಿ ಚಾರ್ಜ್ ಮಾಡುವ ಹಾಗಿಲ್ಲ, ಹೆದ್ದಾರಿಯ ಚಾರ್ಜಿಂಗ್ ಕೇಂದ್ರದಲ್ಲೂ ಅದಕ್ಕೆ ಕೆಲಸವಿಲ್ಲ. ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸುವುದೊಂದೇ ದಾರಿ. ಹೀಗಿದ್ದೂ ಅದು ಬೆಳಿಗ್ಗೆ ಮನೆಯಂಗಳದಿಂದ ಸದ್ದಿಲ್ಲದೆ, ಎಂಜಿನ್ ಶುರುವಾಗದೆ, ಬರೀ ಕರೆಂಟಿನ ಮೇಲೆ ಹೊರಡುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ಆರಿಹೋಗುತ್ತದೆ. ಊರೊಳಗೆ ಓಡಾಡುವಾಗ ಅರ್ಧಕ್ಕಿಂತ ಹೆಚ್ಚು ಹೊತ್ತು ಎಂಜಿನ್ ಆರಿಯೇ ಇರುತ್ತದೆ ಎಂದು ತಯಾರಕರು ಹೇಳುತ್ತಾರೆ.

ಆ ಕರೆಂಟು ಬಂದದ್ದೆಲ್ಲಿಂದ? ಕೊನೆಗೂ ಪೆಟ್ರೋಲಿನಿಂದಲೇ, ಬೇರೆ ಮೂಲವೇ ಇಲ್ಲ. ಪೆಟ್ರೋಲ್ ಸುಟ್ಟು ಕರೆಂಟು ಮಾಡಿ, ಅದನ್ನು ಬ್ಯಾಟರಿಗೆ ತುಂಬಿ, ಮತ್ತೆ ತೆಗೆದು ಚಕ್ರ ತಿರುಗಿಸಿದರೆ ಪ್ರತಿ ಹಂತದಲ್ಲೂ ಒಂದಿಷ್ಟು ಸೋರಿಹೋಗಬೇಕು. ಮೈಲೇಜು ಕಡಿಮೆಯಾಗಬೇಕು. ಆದರೆ ಆಗುವುದು ತಿರುಗುಮುರುಗು. ಇದರ ಜೊತೆಗೆ ಇನ್ನೊಂದು ವಿಚಿತ್ರವೂ ಇದೆ. ಸಾಮಾನ್ಯ ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ಹೆಚ್ಚು ಮೈಲೇಜು ಕೊಡುತ್ತದೆ, ಪೇಟೆಯಲ್ಲಿ ಕಡಿಮೆ. ಹೈಬ್ರಿಡ್ಡಿನದು ಇದಕ್ಕೆ ಉಲ್ಟಾ.

ಈ ಒಗಟು ಬಿಡಿಸಿದರೆ ಇಂದು ಹಾಸನದ ಶೋರೂಮುಗಳಲ್ಲಿ ಎಷ್ಟೋ ಕುಟುಂಬಗಳನ್ನು ಕಾಡುವ ಪ್ರಶ್ನೆಗೂ ಉತ್ತರ ಸಿಗುತ್ತದೆ: ಹೈಬ್ರಿಡ್ ಕೊಳ್ಳುವುದೋ, ಪೂರ್ತಿ ಬ್ಯಾಟರಿ ಕಾರನ್ನೇ ಕೊಳ್ಳುವುದೋ?

ಒಂದೇ ಅಳತೆಯ ಎರಡು ಕಾರು

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಾಗ ಸಿಗುವ ಮೊಸಳೆ ಎಂಬ ಹಳ್ಳಿಯನ್ನೇ ತೆಗೆದುಕೊಳ್ಳಿ. ನಾಗೇಶ್ವರ, ಚೆನ್ನಕೇಶವ ಎಂಬ ಹೊಯ್ಸಳರ ಜೋಡಿ ದೇಗುಲಗಳ ಊರು. ಹತ್ತಿರದ ಮೊಸಳೆ ಹೊಸಹಳ್ಳಿಯಲ್ಲಿ ರೈಲು ನಿಲ್ದಾಣವಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಇಲ್ಲಿನ ಒಂದು ಮನೆಯ ಓಡಾಟ ಹೇಗಿರುತ್ತದೆ? ದಿನಾ ಹಾಸನಕ್ಕೆ ಹೋಗಿಬರುವುದು, ವಾರಕ್ಕೊಮ್ಮೆ ಹೊಳೆನರಸೀಪುರ, ಅರಕಲಗೂಡು ಇಲ್ಲವೇ ಚನ್ನರಾಯಪಟ್ಟಣ, ತಿಂಗಳಿಗೊಮ್ಮೆ ಬೆಂಗಳೂರು, ವರ್ಷದಲ್ಲಿ ಕೆಲವು ಸಲ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು. ನಮ್ಮ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷಾ ಮಾರ್ಗ ಬೇಡ.

ಮೊದಲ ಕಾರು ಟೊಯೋಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್. 2022ರಲ್ಲಿ ಬಂದದ್ದು. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಕೂಡ ಅದೇ ಕಾರ್ಖಾನೆಯಲ್ಲಿ ಹುಟ್ಟಿದ ಅವಳಿ. ಯಂತ್ರದ ಮಟ್ಟಿಗೆ ಇಲ್ಲಿ ಹೇಳುವುದೆಲ್ಲ ಎರಡಕ್ಕೂ ಅನ್ವಯಿಸುತ್ತದೆ. ಒಂದೂವರೆ ಲೀಟರಿನ ಮೂರು ಸಿಲಿಂಡರ್ ಎಂಜಿನ್, ಜೊತೆಗೆ ವಿದ್ಯುತ್ ಮೋಟಾರು, 0.76 ಯೂನಿಟ್ ಹಿಡಿಸುವ ಲಿಥಿಯಂ ಬ್ಯಾಟರಿ. ಯೂನಿಟ್ ಎಂದರೆ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಅಧಿಕೃತ ಮೈಲೇಜು ಲೀಟರಿಗೆ 27.97 ಕಿಲೋಮೀಟರ್.

ಎರಡನೆಯದು 2025ರ ಜನವರಿಯಲ್ಲಿ ಬಿಡುಗಡೆಯಾದ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್. ಉದ್ದ, ಅಗಲ, ಎತ್ತರದಲ್ಲಿ ಹೆಚ್ಚುಕಡಿಮೆ ಹೈರೈಡರಿನಷ್ಟೇ. ಎಂಜಿನ್ ಇಲ್ಲ. ದೊಡ್ಡ ಬ್ಯಾಟರಿಯ ಮಾದರಿಯಲ್ಲಿ 51.4 ಯೂನಿಟ್ ಹಿಡಿಸುತ್ತದೆ. ಬಿಡುಗಡೆಯ ಹೊತ್ತಿಗೆ ಕಂಪನಿ ಹೇಳಿದ್ದು ಒಂದು ಚಾರ್ಜಿಗೆ 473 ಕಿಲೋಮೀಟರ್.

ಒಂದೇ ಗಾತ್ರದ ಕಾರುಗಳು, ಬ್ಯಾಟರಿಯಲ್ಲಿ ಮಾತ್ರ ಸುಮಾರು 68 ಪಟ್ಟು ಅಂತರ. ಉಳಿದ ಕಥೆಯೆಲ್ಲ ಈ ಅಂತರದಲ್ಲೇ ಇದೆ.

ಮುಂದೆ ಹೋಗುವ ಮುನ್ನ ಒಂದು ಎಚ್ಚರಿಕೆ. ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡರಲ್ಲೂ ‘ಮೈಲ್ಡ್ ಹೈಬ್ರಿಡ್’ ಎಂಬ ಅಗ್ಗದ ಮಾದರಿಯೂ ಇದೆ. ಅದರಲ್ಲಿರುವ ಪುಟ್ಟ ಮೋಟಾರು ಎಂಜಿನ್ನಿಗೆ ಒಂದಿಷ್ಟು ಕೈಜೋಡಿಸುತ್ತದೆಯೇ ಹೊರತು ಕಾರನ್ನು ತಾನೊಂದೇ ಓಡಿಸಲಾರದು. ಮೈಲೇಜೂ ಸಾಮಾನ್ಯ ಪೆಟ್ರೋಲ್ ಕಾರಿನ ಹತ್ತಿರದ್ದೇ. ಹೈಬ್ರಿಡ್ ಎಂಬ ಪದ ಕೇಳಿ ಇದನ್ನು ಕೊಂಡು, ಆಮೇಲೆ ಲೀಟರಿಗೆ 28 ಬರಲಿಲ್ಲ ಎಂದು ಕೊರಗಿದವರಿದ್ದಾರೆ. ಈ ಅಧ್ಯಾಯದಲ್ಲಿ ಹೈಬ್ರಿಡ್ ಎಂದರೆ ಸ್ಟ್ರಾಂಗ್ ಹೈಬ್ರಿಡ್ ಮಾತ್ರ.

ಎಂಜಿನ್ನಿಗೆ ಒಗ್ಗದ ಕೆಲಸ

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಅಡಗಿದೆ. ಸಾಮಾನ್ಯ ಕಾರಿನಲ್ಲಿ ಅದರ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬಿಸಿಯಾಗಿ ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಹೊರಬೀಳುತ್ತದೆ. ಎಲ್ಲ ಹೊತ್ತಿನಲ್ಲೂ ನಷ್ಟ ಇಷ್ಟೇ ಇರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮಧ್ಯಮ ವೇಗದಲ್ಲಿ, ಸಾಕಷ್ಟು ಭಾರ ಎಳೆಯುವಾಗ ಎಂಜಿನ್ ಮಿತವ್ಯಯಿ. ನಿಂತಲ್ಲೇ ಗುರುಗುಟ್ಟುವಾಗ, ಮೊದಲ ಗೇರಿನಲ್ಲಿ ತೆವಳುವಾಗ, ಹಗುರವಾಗಿ ಕಾಲಿಟ್ಟು 25ರ ವೇಗದಲ್ಲಿ ಹೋಗುವಾಗ ಅದು ದುಂದುಗಾರ. ಹಾಸನದ ಎನ್.ಆರ್. ಸರ್ಕಲ್ಲಿನಲ್ಲಿ ಸಂಜೆ ಹೊತ್ತು ನಿಂತ ಕಾರು ಒಂದಡಿಯೂ ಮುಂದೆ ಹೋಗದೆ ಪೆಟ್ರೋಲ್ ಕುಡಿಯುತ್ತಿರುತ್ತದೆ.

ಹೈಬ್ರಿಡ್ ಮಾಡುವ ಮೊದಲ ಉಪಕಾರ ಇದು: ಎಂಜಿನ್ನಿಗೆ ಒಗ್ಗದ ಕೆಲಸವನ್ನು ಅದರಿಂದ ಕಿತ್ತು ಮೋಟಾರಿಗೆ ಕೊಡುತ್ತದೆ. ಹೊರಡುವುದು, ತೆವಳುವುದು, ನಿಲ್ಲುವುದು ಮೋಟಾರಿನ ಪಾಲು. ಎಂಜಿನ್ ಎದ್ದಾಗ ತನಗೆ ಒಗ್ಗುವ ಹದದಲ್ಲೇ ದುಡಿಯುತ್ತದೆ. ಚಕ್ರಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ದುಡಿದರೆ ಉಳಿದದ್ದು ಬ್ಯಾಟರಿಗೆ. ಎಂಜಿನ್, ಜನರೇಟರ್, ಮೋಟಾರು ಮೂರನ್ನೂ ಒಂದೇ ಹಲ್ಲುಚಕ್ರಗಳ ಗುಂಪು ಬೆಸೆದಿರುತ್ತದೆ: ನಡುವೆ ಒಂದು ಚಕ್ರ, ಸುತ್ತ ಒಂದು ಬಳೆ, ಎರಡರ ಮಧ್ಯೆ ಸುತ್ತುವ ಪುಟ್ಟ ಚಕ್ರಗಳು. ಇದರಿಂದ ಕಾರಿನ ವೇಗ ಎಷ್ಟೇ ಇರಲಿ, ಎಂಜಿನ್ ತನ್ನ ವೇಗವನ್ನು ಬೇರೆಯಾಗಿ ಇಟ್ಟುಕೊಳ್ಳಬಹುದು. ಟೊಯೋಟಾ ಈ ಜೋಡಣೆಯನ್ನು 1997ರ ಪ್ರಿಯಸ್ ಕಾರಿನಲ್ಲಿ ಮೊದಲು ಬೀದಿಗಿಳಿಸಿತು.

ಎಂಜಿನ್ನೂ ಸ್ವಲ್ಪ ಬೇರೆ ಬಗೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೇಮ್ಸ್ ಅಟ್ಕಿನ್ಸನ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಂಡ ದಾರಿಯದು. ಸಾಮಾನ್ಯ ಎಂಜಿನ್ನಿನಲ್ಲಿ ಗಾಳಿ-ಇಂಧನದ ಮಿಶ್ರಣವನ್ನು ಎಷ್ಟು ಅದುಮುತ್ತಾರೋ ಸ್ಫೋಟದ ನಂತರ ಅಷ್ಟೇ ಹಿಗ್ಗಲು ಬಿಡುತ್ತಾರೆ. ಹಿಗ್ಗುವುದು ಮುಗಿಯುವ ಮೊದಲೇ ಬಾಗಿಲು ತೆರೆದು, ಇನ್ನೂ ಕಸುವಿರುವ ಬಿಸಿಗಾಳಿ ಹೊರಗೆ ಹೋಗಿಬಿಡುತ್ತದೆ. ಅಟ್ಕಿನ್ಸನ್ ಬಗೆಯಲ್ಲಿ ಅದುಮುವುದು ಕಡಿಮೆ, ಹಿಗ್ಗಿಸುವುದು ಹೆಚ್ಚು. ಹಾಗಾಗಿ ಪ್ರತಿ ಹನಿಯಿಂದಲೂ ಹೆಚ್ಚು ಕೆಲಸ ಸಿಗುತ್ತದೆ. ಹೈರೈಡರಿನ ಎಂಜಿನ್ ತನ್ನ ಅತ್ಯುತ್ತಮ ಹದದಲ್ಲಿ ಶೇಕಡ 40ರಷ್ಟು ಶಾಖವನ್ನು ಕೆಲಸಕ್ಕೆ ತಿರುಗಿಸುತ್ತದೆ ಎಂದು ಕಂಪನಿ ಹೇಳುತ್ತದೆ. ಇಂಥ ಎಂಜಿನ್ನಿನ ಕೊರತೆ ಎಂದರೆ ಕಡಿಮೆ ವೇಗದಲ್ಲಿ ಎಳೆತ ಸಾಲದು. ಒಂಟಿಯಾಗಿ ಕಾರಿನಲ್ಲಿಟ್ಟರೆ ಓಡಿಸುವವರು ಬೈಯುತ್ತಾರೆ. ಮೋಟಾರಿನ ಗುಣವೋ, ನಿಂತಲ್ಲಿಂದಲೇ ಪೂರ್ತಿ ಎಳೆತ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇದು ಒಗಟಿನ ಅರ್ಧ ಉತ್ತರ. ನನಗೆ ಹೆಚ್ಚು ಇಷ್ಟವಾಗುವುದು ಉಳಿದರ್ಧ.

ಕೆರೆ ಮತ್ತು ಜಲಾಶಯ

ಓಡುವ ಕಾರನ್ನು ಬ್ರೇಕ್ ಹಾಕಿ ನಿಲ್ಲಿಸಿದಾಗ ಅದರ ಓಟದ ಶಕ್ತಿ ಎಲ್ಲಿ ಹೋಗುತ್ತದೆ? ಬ್ರೇಕಿನ ತಟ್ಟೆ ಬಿಸಿಯಾಗಿ, ಆ ಬಿಸಿ ಗಾಳಿಗೆ ಹೋಗುತ್ತದೆ. ಪೆಟ್ರೋಲ್ ಸುಟ್ಟು ಗಳಿಸಿದ ವೇಗವನ್ನು ಪ್ರತಿ ಹಂಪ್‌ನಲ್ಲೂ ಪ್ರತಿ ಸಿಗ್ನಲ್ಲಿನಲ್ಲೂ ಹೀಗೆ ಚೆಲ್ಲಿ, ಮತ್ತೆ ಪೆಟ್ರೋಲ್ ಸುಟ್ಟು ಗಳಿಸುತ್ತೇವೆ. ಪೇಟೆಯಲ್ಲಿ ಮೈಲೇಜು ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ.

ವಿದ್ಯುತ್ ಮೋಟಾರಿಗೆ ಒಂದು ಅಪೂರ್ವ ಗುಣವಿದೆ. ಕರೆಂಟು ಕೊಟ್ಟರೆ ತಿರುಗುತ್ತದೆ. ತಿರುಗಿಸಿದರೆ ಕರೆಂಟು ಕೊಡುತ್ತದೆ. ನಿಧಾನಿಸಬೇಕಾದಾಗ ಚಕ್ರಗಳೇ ಮೋಟಾರನ್ನು ತಿರುಗಿಸುವಂತೆ ಮಾಡಿದರೆ ಕಾರಿನ ಓಟ ಕರೆಂಟಾಗಿ ಬ್ಯಾಟರಿಗೆ ಹರಿಯುತ್ತದೆ, ಹರಿಯುತ್ತಾ ಕಾರು ನಿಧಾನವಾಗುತ್ತದೆ. ಇದನ್ನು ಮರುಗಳಿಕೆ ಎನ್ನೋಣ. ಬ್ಯಾಟರಿ ಕಾರಿನಲ್ಲೂ ಹೈಬ್ರಿಡ್ಡಿನಲ್ಲೂ ಮರುಗಳಿಕೆ ಇದೆ. ವ್ಯತ್ಯಾಸವಿರುವುದು ಗಳಿಸಿದ್ದನ್ನು ಎಲ್ಲಿ ಇಡುವುದು ಎಂಬುದರಲ್ಲಿ.

ಹೈಬ್ರಿಡ್ಡಿನ ಬ್ಯಾಟರಿ ಊರ ಮುಂದಿನ ಚಿಕ್ಕ ಕೆರೆ. ಬ್ಯಾಟರಿ ಕಾರಿನದು 37 ಟಿಎಂಸಿ ಹಿಡಿಸುವ ಗೊರೂರಿನ ಹೇಮಾವತಿ ಜಲಾಶಯ. ಕೆರೆಗೆ ಒಂದು ಮಳೆ ಬಂದರೆ ಸಾಕು, ತುಂಬಿ ಕೋಡಿ ಬೀಳುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಹರಿದುಹೋಗುವುದೇ. ಹಾಗೆಂದು ಕೆರೆ ಕೆಲಸಕ್ಕೆ ಬಾರದ್ದೇ? ಒಂದು ಹದ ಮಳೆಗೆ ತುಂಬಿ, ಒಂದು ಬೆಳೆಗೆ ಹರಿದು, ಮತ್ತೆ ತುಂಬಿ ಮತ್ತೆ ಹರಿದರೆ ಆ ಚಿಕ್ಕ ಕೆರೆಯೇ ವರ್ಷದಲ್ಲಿ ತನ್ನ ಅಳತೆಯ ಎಷ್ಟೋ ಪಟ್ಟು ನೀರುಣಿಸಿರುತ್ತದೆ.

ಇಲ್ಲಿ ನಾಲ್ಕಾರು ಅಂಕಿಗಳು ಬೇಕು. ನಾಲ್ಕು ಜನ ಕೂತ ಇಂಥ ಕಾರಿನ ತೂಕ ಸುಮಾರು 1,600 ಕಿಲೋ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅದರ ಓಟದಲ್ಲಿರುವ ಶಕ್ತಿ ಎಷ್ಟು? 0.04 ಯೂನಿಟ್. ನಲವತ್ತು ವಾಟಿನ ಒಂದು ಬಲ್ಬು ಒಂದು ಗಂಟೆ ಉರಿಯುವಷ್ಟು ಮಾತ್ರ. ಹೈಬ್ರಿಡ್ಡಿನ ಬ್ಯಾಟರಿಯನ್ನು ಬಾಳಿಕೆಗಾಗಿ ಪೂರ್ತಿ ತುಂಬುವುದೂ ಇಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ. ನಡುವಿನ ಒಂದು ಪಟ್ಟಿಯಲ್ಲೇ ಆಡಿಸುತ್ತಾರೆ. ಹಾಗಾಗಿ ಒಂದು ಹೊತ್ತಿಗೆ ಅದರಲ್ಲಿ ಖಾಲಿ ಇರುವುದು ಒಂದು ಯೂನಿಟಿನ ಐದನೇ ಒಂದು ಪಾಲಿನಷ್ಟು. ಅಷ್ಟರಲ್ಲೇ ನಾಲ್ಕೈದು ಸಿಗ್ನಲ್ಲುಗಳ ಗಳಿಕೆ ಹಿಡಿಸುತ್ತದೆ. ಹಸಿರು ದೀಪ ಬಿದ್ದ ಕೂಡಲೇ ಅದೇ ಗಳಿಕೆ ಖರ್ಚಾಗಿ ಮತ್ತೆ ಜಾಗ ತೆರವಾಗುತ್ತದೆ.

ಪೇಟೆಯ ಓಡಾಟಕ್ಕೆ ಚಿಕ್ಕ ಕೆರೆ ಸಾಕು. ಹೈಬ್ರಿಡ್ ಪೇಟೆಯಲ್ಲೇ ಹೆಚ್ಚು ಮೈಲೇಜು ಕೊಡುವ ಗುಟ್ಟು ಇದು. ಸಾಮಾನ್ಯ ಕಾರು ಎಲ್ಲಿ ಹೆಚ್ಚು ಚೆಲ್ಲುತ್ತದೋ ಅಲ್ಲೇ ಹೈಬ್ರಿಡ್ಡಿಗೆ ಹೆಕ್ಕಿಕೊಳ್ಳಲು ಹೆಚ್ಚು ಸಿಗುತ್ತದೆ.

ಶಿರಾಡಿ ಇಳಿಯುವಾಗ

ಕೋಡಿ ಬೀಳುವುದನ್ನು ನೋಡಬೇಕಾದರೆ ಘಾಟಿಗೇ ಹೋಗಬೇಕು. ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಸುಮಾರು 25 ಕಿಲೋಮೀಟರಿನಲ್ಲಿ ರಸ್ತೆ 700 ಮೀಟರಿನಷ್ಟು ಕೆಳಗಿಳಿಯುತ್ತದೆ. 1,600 ಕಿಲೋ ತೂಕ ಅಷ್ಟು ಎತ್ತರದಿಂದ ಇಳಿದಾಗ ಬಿಟ್ಟುಕೊಡುವ ಶಕ್ತಿ ಸುಮಾರು 3 ಯೂನಿಟ್. ಹೈಬ್ರಿಡ್ಡಿನ ಇಡೀ ಬ್ಯಾಟರಿಯ ನಾಲ್ಕು ಪಟ್ಟು.

ಅಷ್ಟೂ ಕೈಗೆ ಸಿಗುವುದಿಲ್ಲ. ಟೈರಿನ ಎಳೆತ, ಗಾಳಿಯ ತಡೆ ಎರಡೂ ಸೇರಿ ಆ ದಾರಿಯಲ್ಲಿ ಸುಮಾರು 1.8 ಯೂನಿಟ್ ತಿನ್ನುತ್ತವೆ. ಮಿಕ್ಕ 1.2 ಯೂನಿಟ್ ಮೋಟಾರು, ತಂತಿ, ಬ್ಯಾಟರಿಗಳ ಮೂಲಕ ಹಾಯುವಾಗ ಇನ್ನಷ್ಟು ಸೋರಿ, ಕೊನೆಗೆ ಬ್ಯಾಟರಿಗೆ ಸೇರುವುದು ಒಂದು ಯೂನಿಟಿಗೂ ಸ್ವಲ್ಪ ಕಡಿಮೆ. ಇದು ನನ್ನ ಅಂದಾಜು ಲೆಕ್ಕ. ಜನ, ಸಾಮಾನು, ವೇಗ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಬ್ಯಾಟರಿ ಕಾರು ಅಷ್ಟನ್ನೂ ನುಂಗುತ್ತದೆ. ಗುಂಡ್ಯ ತಲುಪುವ ಹೊತ್ತಿಗೆ ಮೀಟರಿನಲ್ಲಿ ಒಂದೆರಡು ಅಂಕ ಮೇಲೇರಿರುವುದನ್ನು ಮಕ್ಕಳಿಗೆ ತೋರಿಸಬಹುದು. ಹೈಬ್ರಿಡ್ಡಿನಲ್ಲಿ ಮೊದಲ ಕೆಲವು ತಿರುವುಗಳಲ್ಲೇ ಕೆರೆ ತುಂಬುತ್ತದೆ. ಆಮೇಲೆ ಕೇಳಿಸುವ ಗುರ್ ಎಂಬ ಸದ್ದಿಗೆ ಎಷ್ಟೋ ಜನ ಗಾಬರಿಯಾಗುತ್ತಾರೆ: ಇಳಿಜಾರಿನಲ್ಲಿ ಎಂಜಿನ್ ಯಾಕೆ ಕೂಗಬೇಕು? ಕೆಟ್ಟಿದ್ದರಿಂದಲ್ಲ. ಕರೆಂಟು ಇಡಲು ಜಾಗವಿಲ್ಲದ್ದರಿಂದ, ಒಂದು ಹನಿ ಪೆಟ್ರೋಲೂ ಸುಡದೆ, ಖಾಲಿ ಎಂಜಿನ್ನನ್ನು ತಿರುಗಿಸಿ ಕಾರು ತನ್ನ ಶಕ್ತಿಯನ್ನು ಕಳೆಯುತ್ತಿರುತ್ತದೆ. ಬ್ರೇಕ್ ಅತಿಯಾಗಿ ಕಾಯದಂತೆ ತಡೆಯುವ ಉಪಾಯವೂ ಹೌದು. ಅದೇ ಕೋಡಿ.

ಘಾಟಿಯ ರೈಲಿಗೂ ಇದೇ ಕಷ್ಟವಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರ್ ಹಳಿಯಲ್ಲಿ 57 ಸುರಂಗಗಳು, 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಡೀಸೆಲ್ ರೈಲಿನಲ್ಲಿ ಡೀಸೆಲ್ ಎಂಜಿನ್ ಕರೆಂಟು ತಯಾರಿಸುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಇಳಿಯುವಾಗ ಆ ಮೋಟಾರುಗಳೇ ಜನರೇಟರುಗಳಾಗಿ ರೈಲನ್ನು ತಡೆಯುತ್ತವೆ. ಆದರೆ ಇಡಲು ಬ್ಯಾಟರಿ ಇಲ್ಲ. ಬಂದ ಕರೆಂಟನ್ನೆಲ್ಲ ಎಂಜಿನ್ನಿನೊಳಗಿನ ತಂತಿಗಳ ಚೌಕಟ್ಟಿನಲ್ಲಿ ಕಾಯಿಸಿ ಫ್ಯಾನಿನಿಂದ ಹೊರಗೆ ಊದಬೇಕು. ಹೊಸ ವಿದ್ಯುತ್ ಎಂಜಿನ್ನುಗಳು ಅದನ್ನು ಮೇಲಿನ ತಂತಿಗೇ ಮರಳಿಸುತ್ತವೆ. ಅವುಗಳಿಗೆ ಇಡೀ ರಾಜ್ಯದ ಜಾಲವೇ ಜಲಾಶಯ.

ಈಗ ಮನಸ್ಸಿಗೆ ಹಿತವಲ್ಲದ ಒಂದು ಸತ್ಯ ಹೇಳಬೇಕು. ಶಿರಾಡಿಯಲ್ಲಿ ಬ್ಯಾಟರಿ ಕಾರು ಗಳಿಸುವ ಆ ಮುಕ್ಕಾಲು, ಒಂದು ಯೂನಿಟಿನಿಂದ ಸಿಗುವುದು ಸುಮಾರು 6 ಕಿಲೋಮೀಟರ್ ಓಟ. ಮತ್ತೆ ಹತ್ತುವಾಗ ಮೂರು ಯೂನಿಟಿಗೂ ಹೆಚ್ಚು ಬೇರೆಯಾಗಿ ಕೊಡಬೇಕು. ಇಳಿಜಾರಿನಲ್ಲಿ ಬ್ಯಾಟರಿ ತುಂಬುತ್ತದಂತೆ ಎಂಬ ಮಾತನ್ನು ನಂಬಿ ಯಾರೂ ಕಾರು ಆರಿಸಬಾರದು. ಹತ್ತುವಾಗ ಹೈಬ್ರಿಡ್ಡಿನದೂ ಕಷ್ಟವೇ: ಕೆರೆ ಬೇಗ ಬರಿದಾಗಿ, ಆಮೇಲೆ 92 ಅಶ್ವಶಕ್ತಿಯ ಎಂಜಿನ್ ಒಂದರ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಲಾರಿಯ ಹಿಂದೆ ಸಿಕ್ಕಿ ಓವರ್‌ಟೇಕ್ ಮಾಡಬೇಕಾದ ಹೊತ್ತಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬ್ಯಾಟರಿ ಕಾರು ಅಲ್ಲಿ ಸಲೀಸು.

ಬ್ಯಾಟರಿ ಕಾರೂ ಕೋಡಿ ಬೀಳುವ ಸಂದರ್ಭ ಒಂದಿದೆ. ಸಕಲೇಶಪುರದ ಹೋಂಸ್ಟೇಯಲ್ಲಿ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡು ನೇರ ಘಾಟಿಗಿಳಿದರೆ ಜಲಾಶಯದಲ್ಲೂ ಜಾಗವಿಲ್ಲ. ಮರುಗಳಿಕೆ ಕೆಲಸ ಮಾಡದು. ದಿನಾ ಕಾಲೆತ್ತಿದರೆ ನಿಧಾನವಾಗುತ್ತಿದ್ದ ಕಾರು ಅಂದು ಜಾರುತ್ತಲೇ ಹೋಗಿ, ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಘಾಟಿಯ ತಲೆಯಿಂದ ಹೊರಡುವವರು ತೊಂಬತ್ತಕ್ಕೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಗಾಳಿಗೆ ಕೊಟ್ಟದ್ದು ಮರಳದು

ಬೆಂಗಳೂರಿನ ದಾರಿಯ ಲೆಕ್ಕ ಬೇರೆ. ಹಾಸನವೂ ಬೆಂಗಳೂರೂ ಸಮುದ್ರಮಟ್ಟದಿಂದ ಸುಮಾರು ಒಂದೇ ಎತ್ತರದಲ್ಲಿವೆ. ಇಳಿದು ಗಳಿಸುವಂಥದ್ದೇನೂ ಇಲ್ಲ. ಚತುಷ್ಪಥ ಹೆದ್ದಾರಿಯಲ್ಲಿ ನಿಲ್ಲುವುದೂ ಕಡಿಮೆ. ಅಲ್ಲಿ ಶಕ್ತಿ ಹೋಗುವುದು ಗಾಳಿಯನ್ನು ಸೀಳುವುದಕ್ಕೆ. ಗಾಳಿಗೆ ಕೊಟ್ಟದ್ದನ್ನು ಯಾವ ಮರುಗಳಿಕೆಯೂ ಮರಳಿ ತರಲಾರದು.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ವೇಗ ಹೆಚ್ಚಿದರೆ ಅದು ಒಂದೂವರೆ ಪಟ್ಟಿಗೂ ಮೀರುತ್ತದೆ. ಎತ್ತರದ, ಚೌಕ ಮುಖದ ಎಸ್‌ಯುವಿಗಳಲ್ಲಿ ಇದರ ಪೆಟ್ಟು ಹೆಚ್ಚು. ಕ್ರೆಟಾ ಗಾತ್ರದ ಬ್ಯಾಟರಿ ಕಾರಿಗೆ 80ರಲ್ಲಿ ನೂರು ಕಿಲೋಮೀಟರಿಗೆ ಸುಮಾರು 14 ಯೂನಿಟ್ ಬೇಕಾದರೆ 100ರಲ್ಲಿ 18 ಬೇಕು. 51.4 ಯೂನಿಟಿನಲ್ಲಿ ಮೊದಲ ವೇಗಕ್ಕೆ 367 ಕಿಲೋಮೀಟರ್, ಎರಡನೆಯ ವೇಗಕ್ಕೆ 285. ಮೊಸಳೆಯಿಂದ ಬೆಂಗಳೂರಿಗೆ ಹೋಗಿಬರಲು ಸುಮಾರು 380. ಎರಡೂ ಲೆಕ್ಕದಲ್ಲಿ ಬೆಂಗಳೂರಿನಲ್ಲೋ ದಾರಿಯಲ್ಲೋ ಒಮ್ಮೆ ಚಾರ್ಜ್ ಮಾಡಲೇಬೇಕು. ಕಂಪನಿಯ 473 ಎಂಬ ಅಂಕಿ ನಿಯಂತ್ರಿತ ಪರೀಕ್ಷೆಯದು. ಹೆದ್ದಾರಿಗೆ ಅದನ್ನು ಹಿಡಿದು ಹೊರಡಬಾರದು.

ಹೈಬ್ರಿಡ್ಡಿನ ಮೈಲೇಜೂ ಇಲ್ಲಿ ಇಳಿಯುತ್ತದೆ, 28ರ ಮಾತು ಬಿಟ್ಟು 20ರ ಆಸುಪಾಸಿಗೆ. ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಆಗಲೂ ಮುಂದೆಯೇ, ಆದರೆ ಪೇಟೆಯಲ್ಲಿದ್ದಷ್ಟು ಅಂತರ ಇರುವುದಿಲ್ಲ. ಅದರ ಅನುಕೂಲವೆಂದರೆ ಬಂಕಿನಲ್ಲಿ ಐದು ನಿಮಿಷ ನಿಂತರೆ ಮುಗಿಯಿತು. ಮಧ್ಯರಾತ್ರಿ ಆಸ್ಪತ್ರೆಗೆ ಹೊರಡಬೇಕಾದವರಿಗೆ ಈ ಐದು ನಿಮಿಷದ ಬೆಲೆ ಗೊತ್ತು.

ಗೋಡೆಯ ಸಾಕೆಟ್ಟು

ಬೆಂಗಳೂರಿನ ರೇವಾ ಕಾರು ನೆನಪಿದೆಯೇ? 2001ರಲ್ಲಿ ಬಂದ ಆ ಪುಟ್ಟ ಕಾರು ಸೀಸದ ಬ್ಯಾಟರಿಗಳ ಮೇಲೆ ಒಂದು ಚಾರ್ಜಿಗೆ 80 ಕಿಲೋಮೀಟರ್ ಓಡುತ್ತಿತ್ತು, ಅದೂ ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ. ಇಂದಿನ ಬ್ಯಾಟರಿ ಕಾರಿಗೂ ಆ ಸಾಕೆಟ್ಟು ಸಾಕು. ಗಂಟೆಗೆ ಸುಮಾರು 3 ಯೂನಿಟ್ ಹರಿಯುತ್ತದೆ. ರಾತ್ರಿ ಹತ್ತು ಗಂಟೆ ಹಾಕಿಟ್ಟರೆ 150 ಕಿಲೋಮೀಟರಿಗೂ ಹೆಚ್ಚಿನ ಓಟ. ಹಾಸನಕ್ಕೆ ಹೋಗಿಬರಲು ಬೇಕಾದ್ದು ಅದರ ಒಂದು ಸಣ್ಣ ಪಾಲು.

ಹಳ್ಳಿಯಲ್ಲಿ ನೋಡಬೇಕಾದದ್ದು ಸಾಕೆಟ್ಟಿನ ಹಿಂದೆ ಏನಿದೆ ಎಂಬುದು. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ. ಜೀವ ಉಳಿಸಲೆಂದೇ ಹಾಗೆ ಮಾಡಿದ್ದಾರೆ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ ಮನೆಗಳಲ್ಲಿ ಇದು ದಿನನಿತ್ಯದ ತೊಂದರೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯ ಲೈನು ಬಂದಮೇಲೆ ಕರೆಂಟು ಹೆಚ್ಚು ಹೊತ್ತು ನಿಲ್ಲುತ್ತದೆ. ತೋಟದ ಮನೆಯವರ ಪಾಡು ಬೇರೆ. ಅನೇಕ ತೋಟದ ಮನೆಗಳಿಗೆ ಪಂಪ್‌ಸೆಟ್ ಲೈನೇ ಗತಿ. ಮೂರು ಫೇಸ್ ಬರುವುದು ದಿನದ ಕೆಲವೇ ಗಂಟೆ, ಅದೂ ಯಾವ ಹೊತ್ತೋ. ಪಂಪ್‌ಸೆಟ್ಟಿಗೆಂದು ಸರ್ಕಾರ ಉಚಿತವಾಗಿ ಕೊಟ್ಟ ವಿದ್ಯುತ್ತಿನಲ್ಲಿ ಕಾರು ಚಾರ್ಜ್ ಮಾಡುವುದು ತಪ್ಪು, ಅಪಾಯಕಾರಿ ಕೂಡ.

ಬಿಲ್ಲಿನ ವಿಷಯವನ್ನೂ ತಿಳಿದುಕೊಂಡಿರಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ಮನೆಗೆ ಚಾರ್ಜಿಂಗ್ ನಷ್ಟವೂ ಸೇರಿ 170 ಯೂನಿಟ್ ಆಸುಪಾಸು ಬೇಕು. ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ಹಾಗಾಗಿ ಕಾರು ಬಂದರೆ ಉಚಿತ ಕರೆಂಟು ಹೋಗುತ್ತದೆ ಎಂದೇ ಲೆಕ್ಕ ಹಾಕಿ. ಯೂನಿಟಿಗೆ ಸುಮಾರು 6 ರೂಪಾಯಿಯಂತೆ ಕಾರಿನದು ಸಾವಿರ ರೂಪಾಯಿ, ಮನೆಯದು ಇನ್ನೊಂದು ಐನೂರು. ಅದೇ ಸಾವಿರ ಕಿಲೋಮೀಟರಿಗೆ ಹೈಬ್ರಿಡ್ 45 ಲೀಟರಿನ ಹತ್ತಿರ ಕುಡಿಯುತ್ತದೆ. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ ನಾಲ್ಕೂವರೆ ಸಾವಿರ ರೂಪಾಯಿ. ತಿಂಗಳಿಗೆ ಮೂರು ಸಾವಿರ ಉಳಿತಾಯ. ಚಾರ್ಜಿಂಗಿಗೆ ಬೇರೆ ದರವರ್ಗವೂ ಇದೆ. ಪ್ರತ್ಯೇಕ ಮೀಟರಿನ ಬಗ್ಗೆ ವಿದ್ಯುತ್ ಸರಬರಾಜು ಕಂಪನಿ ಚೆಸ್ಕಾಂನ ಕಚೇರಿಯಲ್ಲಿ ವಿಚಾರಿಸಬಹುದು.

ತೆರಿಗೆಯೂ ಎರಡಕ್ಕೂ ಒಂದೇ ಅಲ್ಲ. ಬ್ಯಾಟರಿ ಕಾರಿಗೆ ಜಿಎಸ್‌ಟಿ ಶೇಕಡ 5. ನಾಲ್ಕು ಮೀಟರಿಗಿಂತ ಉದ್ದದ ಹೈಬ್ರಿಡ್ಡಿಗೆ 2025ರ ಸೆಪ್ಟೆಂಬರಿನಿಂದ ಶೇಕಡ 40. ರಸ್ತೆ ತೆರಿಗೆಯ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. 2024ರಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇಕಡ 10 ಹಾಕಿದರು. ಕೊಳ್ಳುವ ದಿನದ ದರ ಆರ್‌ಟಿಒದಲ್ಲೇ ಕೇಳಿಕೊಳ್ಳಿ.

ಹೊಗೆಯ ಮಾತು? ರಾಯಚೂರಿನ ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ಮಾಡಲು ಮೂರು ಯೂನಿಟಿನಷ್ಟು ಶಾಖ ಸುಡಬೇಕು. ಬರೀ ಅಂಥ ಕರೆಂಟಿನಲ್ಲೇ ಓಡಿಸಿದರೆ ಬ್ಯಾಟರಿ ಕಾರಿಗೂ ಹೈಬ್ರಿಡ್ಡಿಗೂ ಇಂಧನದ ಲೆಕ್ಕದಲ್ಲಿ ಹೆಚ್ಚು ಅಂತರ ಉಳಿಯುವುದಿಲ್ಲ. ಶರಾವತಿಯ ನೀರು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಜಾಲದಲ್ಲಿ ಹೆಚ್ಚಿದಷ್ಟೂ ಬ್ಯಾಟರಿ ಕಾರು ಮುಂದೆ ಹೋಗುತ್ತದೆ. ಮನೆಯ ಸೂರಿನ ಮೇಲೆ ಸೋಲಾರ್ ಇರುವವರು ಹಗಲಿನಲ್ಲೇ ಚಾರ್ಜ್ ಮಾಡಿಕೊಂಡರೆ ಇನ್ನೂ ಮುಂದೆ.

ಮೊಸಳೆಯ ಮನೆಗೆ ಯಾವುದು

ಒಂದು ನಿಲುಗಡೆಗೆ 0.04 ಯೂನಿಟ್. ಒಂದು ಘಾಟಿಗೆ ಸುಮಾರು 1. ಹಾಸನಕ್ಕೆ ಹೋಗಿಬಂದು ಒಂದಿಷ್ಟು ಪೇಟೆ ಸುತ್ತಿದರೆ 5. ಬೆಂಗಳೂರಿಗೆ ಹೋಗಿಬಂದರೆ 55ರಿಂದ 70. ಹೈಬ್ರಿಡ್ಡಿನ ಕೆರೆ ಮೊದಲನೆಯದಕ್ಕೆ ಮಾತ್ರ ಸರಿಹೊಂದುತ್ತದೆ, ಮಿಕ್ಕದ್ದನ್ನೆಲ್ಲ ಪೆಟ್ರೋಲೇ ಹೊರಬೇಕು. ಬ್ಯಾಟರಿ ಕಾರಿನ ಜಲಾಶಯ ಮೊದಲ ಮೂರನ್ನೂ ಹೊರುತ್ತದೆ, ನಾಲ್ಕನೆಯದಕ್ಕೆ ದಾರಿಯಲ್ಲಿ ಒಮ್ಮೆ ನೀರು ತುಂಬಬೇಕು. ಮೊಸಳೆಯ ಮನೆಯೊಂದರ ಓಟದಲ್ಲಿ ಹೆಚ್ಚಿನ ದಿನಗಳು ಮೂರನೆಯ ಬಗೆಯವು. ಆದ್ದರಿಂದ ಊರೊಳಗೆ ಸ್ವಂತ ಮೀಟರು, ಸರಿಯಾದ ಅರ್ಥಿಂಗ್, ರಾತ್ರಿ ಕಾರು ನಿಲ್ಲಿಸಲು ಸಾಕೆಟ್ಟಿನ ಹತ್ತಿರ ಜಾಗ ಇರುವವರಿಗೆ ಬ್ಯಾಟರಿ ಕಾರೇ ಸರಿ ಎಂಬುದು ನನ್ನ ತೀರ್ಮಾನ. ತೋಟದ ಮನೆಯಲ್ಲಿ ಪಂಪ್‌ಸೆಟ್ ಲೈನನ್ನೇ ನಂಬಿದವರಿಗೆ, ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿ ಅದೇ ರಾತ್ರಿ ಮರಳಬೇಕಾದವರಿಗೆ ಬಿಡದಿಯ ಹೈಬ್ರಿಡ್ಡೇ ಒಳ್ಳೆಯದು. ಬ್ಯಾಟರಿ ಹಾಳಾದರೆ ಎಂಬ ಭಯ ಎರಡಕ್ಕೂ ಸಮಾನ; ಎರಡೂ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ಕೊಡುತ್ತವೆ.

ಮುಂಗಡ ಕೊಡುವ ಮೊದಲು ಎರಡು ಕೆಲಸ ಮಾಡಿ. ಒಂದು ತಿಂಗಳು ನಿಮ್ಮ ಈಗಿನ ವಾಹನ ಪ್ರತಿದಿನ ಎಷ್ಟು ಓಡಿತೆಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅರ್ಥಿಂಗನ್ನೂ, ಮೀಟರಿಗೆ ಮಂಜೂರಾದ ಲೋಡನ್ನೂ ಪರೀಕ್ಷಿಸಿಕೊಳ್ಳಿ. ಶೋರೂಮಿಗೆ ಹೋಗುವುದು ಆಮೇಲೆ.